ಮುಖವಿಲ್ಲದವರ ಮೇಲೆ ದಾವೆ

ಅಣ್ಣಿಗೇರಿಯ ಒಬ್ಬ ನಿವೃತ್ತ ಕನ್ನಡ ಶಿಕ್ಷಕರು ಮತ್ತು ಅವರ ಕೈಯಲ್ಲೇ ಹೈಸ್ಕೂಲು ಕಲಿತು ಈಗ ಧಾರವಾಡದಲ್ಲಿ ವಕೀಲಿ ಮಾಡುವ ಹೆಣ್ಣುಮಗಳು, ಇವರಿಬ್ಬರ ಮಾತುಕತೆ ಇದು. ಗುರುಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರಿಗಾಗಿ ಕನ್ನಡ ವ್ಯಾಕರಣ ಮತ್ತು ಸಾಹಿತ್ಯ ಚರಿತ್ರೆಯ ಕೈಪಿಡಿಯೊಂದನ್ನು ಬರೆದಿದ್ದಾರೆ. ಅದರ ಪಿಡಿಎಫ್ ಹೆಸರಿಲ್ಲದ ಯಾರದೋ ಕೈಯಿಂದ ಸಾವಿರಾರು ಫೋನುಗಳಿಗೆ ಹೋಗಿದೆ.

ಗುರುಗಳು: ಸುತ್ತು ಬಳಸಿ ಹೇಳೂದಿಲ್ಲ ತಂಗಿ. ಧಾರವಾಡದಾಗ ಪರೀಕ್ಷಾ ಪುಸ್ತಕ ಮಾರೂ ಅಂಗಡಿಯವರು ಈ ಸಲ ನನ್ನ ಪುಸ್ತಕ ಬ್ಯಾಡ ಅಂದ್ರು. "ಎಲ್ಲಾರ ಫೋನಿನಾಗೂ ಐತ್ರಿ ಸರ, ರೊಕ್ಕ ಕೊಟ್ಟು ಯಾರು ತಗೋತಾರ" ಅಂದ್ರು. ಪುಟ ಪುಟ ತಿದ್ದಿ, ಸಾಲಾ ಮಾಡಿ ಪ್ರೆಸ್ಸಿಗೆ ರೊಕ್ಕ ಕಟ್ಟಿ ತಂದ ಪುಸ್ತಕ ಅದು. ಸ್ಕ್ಯಾನ್ ಮಾಡಿ ಹಂಚಿದವ ಯಾರು ಅಂತ ನೋಡಿದ್ರ ಹೆಸರಿಲ್ಲ, ಊರಿಲ್ಲ. ಮ್ಯಾಲೆ ಒಂದು ಸಾಲು ಬರದಾನ: ವಿದ್ಯೆ ಹಂಚೂದು ಪುಣ್ಯ, ಲಕ್ಕುಂಡಿಯ ಅತ್ತಿಮಬ್ಬಿ ಶಾಂತಿಪುರಾಣದ ಸಾವಿರ ಪ್ರತಿ ಹಂಚಲಿಲ್ಲೇನು ಅಂತ. ನನಗ ಸಿಟ್ಟು ಬಂದಿದ್ದ ಆ ಸಾಲಿಗೆ. ಅತ್ತಿಮಬ್ಬಿ ತನ್ನ ಗಂಟಿನ ರೊಕ್ಕ ಕೊಟ್ಟು ಓಲಿ ತರಿಸಿ, ಲಿಪಿಕಾರರಿಗೆ ಕೂಲಿ ಕೊಟ್ಟು ಬರೆಸಿದಾಕಿ. ಮತ್ತೊಬ್ಬರ ಗಳಿಕಿ ಕಿತ್ತು ದಾನ ಮಾಡಿದಾಕಿ ಅಲ್ಲ.

ವಕೀಲೆ: ನಿಮ್ಮ ಸಿಟ್ಟು ಖರೇನ ಐತ್ರಿ ಸರ. ಹಕ್ಕೂ ಸಣ್ಣದಲ್ಲ. ಬರೆದವರ ಜೀವಮಾನ, ಆಮ್ಯಾಲೆ 60 ವರ್ಷ ತನಕ ಅದು ನಿಮ್ಮದು, ನಿಮ್ಮ ಮಕ್ಕಳದು. ಈಗ ಏನ್ ಮಾಡಬೇಕಂತೀರಿ?

ಗುರುಗಳು: ಒಬ್ಬಾಂವ ಏಜೆಂಟ್ ಫೋನ್ ಮಾಡಿದ್ದ. ಪೈರಸಿ ನಿಲ್ಲಿಸೂದ ಅವರ ದಂಧೆಯಂತ. ಪಿಡಿಎಫ್ ಹಂಚಿದ ಫೋನಿನ ಚಾನೆಲ್ಲು, ಅದನ್ನ ಇಟ್ಟ ವೆಬ್‌ಸೈಟು ಎರಡನ್ನೂ ಎದ್ದೇಳದ ಹಂಗ ಮಾಡ್ತೀವಿ ಅಂದ. ಚಾನೆಲ್ಲಿನಾಗ ಇರೂ ಹುಡುಗೂರ ನಂಬರ ತಗದು, "ಹತ್ತು ಸಾವಿರ ಕಟ್ಟು, ಇಲ್ಲಾ ಜೈಲಿಗೆ ಹೋಗು" ಅಂತ ಒಬ್ಬೊಬ್ಬರಿಗೂ ನೋಟಿಸು ಕಳಿಸ್ತಾರಂತ. ಬಂದದ್ದರಾಗ ಅರ್ಧ ನನಗ. ಕರಾರು ಪತ್ರ ತಂದೀನಿ, ನೋಡು.

ವಕೀಲೆ: ಸಹಿ ಹಾಕಿಲ್ಲ ಹೌದಲ್ರಿ? ಹಾಕಬ್ಯಾಡ್ರಿ. ಇದರಾಗ ಬರದ ಒಂದೊಂದು ಕೆಲಸಕ್ಕೂ ನಾಳೆ ನೀವ ಆರೋಪಿ ಆಗಬಹುದು.

ಗುರುಗಳು: ಕಳವು ಆದದ್ದು ನನ್ನದು, ಆರೋಪಿನೂ ನಾನ?

ವಕೀಲೆ: ಹೌದ್ರಿ. ವೆಬ್‌ಸೈಟ್ ಎದ್ದೇಳದ ಹಂಗ ಮಾಡೂದು ಅಂದ್ರ, ಸಾವಿರಾರು ಕಂಪ್ಯೂಟರಿನಿಂದ ಒಮ್ಮೆಲೆ ಕೋರಿಕೆ ಕಳಿಸಿ ಅದರ ಉಸಿರು ಕಟ್ಟಿಸೂದು. ಇದು ನಮ್ಮ ಬೆಂಗಳೂರಿನಾಗ ಮೊದಲ ನಡದ ಕಥಿ. 2010ರ ಸೆಪ್ಟೆಂಬರಿನಾಗ ಏಪ್ಲೆಕ್ಸ್ ಸಾಫ್ಟ್‌ವೇರ್ ಅನ್ನೂ ಬೆಂಗಳೂರಿನ ಕಂಪನಿ ಸಿನಿಮಾ ನಿರ್ಮಾಪಕರ ಪರವಾಗಿ ಟೊರೆಂಟ್ ತಾಣಗಳಿಗೆ ನೋಟಿಸು ಕಳಿಸ್ತಿತ್ತು. ನೋಟಿಸಿಗೆ ಬಗ್ಗದ ತಾಣಗಳ ಮ್ಯಾಲೆ ಇಂಥ ದಾಳಿನೂ ಮಾಡ್ತೈತಿ ಅಂತ, ಆ ಕಂಪನಿ ಮುಖ್ಯಸ್ಥರ ಮಾತನ್ನ ಉಲ್ಲೇಖಿಸಿ ಪತ್ರಿಕೆಗಳು ಬರದವು. ಸುದ್ದಿ ಜಗತ್ತೆಲ್ಲಾ ಹಬ್ಬಿತು. ಅನಾನಿಮಸ್ ಅನ್ನೂ ಹೆಸರಿಲ್ಲದ ಗುಂಪು ಸೇಡಿಗೆ ನಿಂತು ಮೊದಲು ಏಪ್ಲೆಕ್ಸಿನ ತಾಣ ಕೆಡವಿತು, ಆಮ್ಯಾಲೆ ಅಮೆರಿಕದ ಸಿನಿಮಾ ಮತ್ತು ಸಂಗೀತ ಸಂಘಗಳ ತಾಣ ಕೆಡವಿತು. ಆಪರೇಶನ್ ಪೇಬ್ಯಾಕ್ ಅಂತ ಅದಕ್ಕ ಹೆಸರು. ಟೊರೆಂಟ್ ತಾಣಗಳು ಎದ್ದು ನಿಂತವು.

ಗುರುಗಳು: ಕಾನೂನು ಏನಂತೈತಿ?

ವಕೀಲೆ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂ ನೋಡ್ರಿ. ಮತ್ತೊಬ್ಬರ ಕಂಪ್ಯೂಟರಿಗೆ ಅಡ್ಡಿ ಮಾಡಿ, ಅದು ಸಿಗದ ಹಂಗ ಮಾಡಿದ್ರ 3 ವರ್ಷ ತನಕ ಶಿಕ್ಷೆ, 5 ಲಕ್ಷ ತನಕ ದಂಡ. ಆ ಕಂಪ್ಯೂಟರು ಕಳ್ಳನದು ಅನ್ನೂ ವಿನಾಯಿತಿ ಅಲ್ಲಿ ಇಲ್ಲ. ಏಜೆಂಟ್ ಮಾಡಿದ ಕೆಲಸ, ಮಾಡಿಸಿದವರು ನೀವು, ಸಾಕ್ಷಿ ಈ ಕರಾರು ಪತ್ರ.

ಗುರುಗಳು: ಅದು ಬ್ಯಾಡ, ತಿಳೀತು. ನೋಟಿಸಿಗೆ ಏನ್ ತಕರಾರು? ನೋಟಿಸು ಕೊಡೂದು ಎಲ್ಲಾರ ಹಕ್ಕು.

ವಕೀಲೆ: ಕೊಡೂದು ಹಕ್ಕು, ಆದ್ರ ಯಾರಿಗೆ, ಏನಂತ ಅನ್ನೂದರ ಮ್ಯಾಲೆ ಹೋಗತೈತಿ. ಕೃತಿಸ್ವಾಮ್ಯ ಕಾಯ್ದೆಯ 60ನೇ ಕಲಮನ್ನ ನಮ್ಮ ವಕೀಲರೂ ಭಾಳ ಮಂದಿ ಮರೀತಾರ. ಆಧಾರ ಇಲ್ಲದ ಬೆದರಿಕಿ ಹಾಕಿದ್ರ, ನೋಟಿಸು ತಗೊಂಡಾವನ ನಿಮ್ಮ ಮ್ಯಾಲೆ ದಾವೆ ಹಾಕಬಹುದು. ತಾನು ಉಲ್ಲಂಘನೆ ಮಾಡಿಲ್ಲ ಅಂತ ಘೋಷಣೆ, ಬೆದರಿಕಿ ನಿಲ್ಲಿಸಾಕ ತಡೆಯಾಜ್ಞೆ, ಆದ ನಷ್ಟಕ್ಕ ಪರಿಹಾರ ಎಲ್ಲಾ ಕೇಳಬಹುದು. ಬೆದರಿಕಿ ಹಾಕಿದವರು ತಡಮಾಡದ ತಾವ ದಾವೆ ಹೂಡಿ ನಡೆಸಿದ್ರ ಮಾತ್ರ ಈ ಕಲಂ ಅನ್ವಯ ಆಗೂದಿಲ್ಲ. ನಿಮ್ಮ ಏಜೆಂಟ್ ದಾವೆ ಹೂಡೂ ಪೈಕಿ ಅಲ್ಲ, ಅವನಿಗೆ ಬೇಕಾದದ್ದು ಹತ್ತು ಸಾವಿರ. ಜೈಲಿನ ಹೆದರಿಕಿ ತೋರಿಸಿ ರೊಕ್ಕ ಕೇಳೂದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಕಡೆ, ಅಂದ್ರ ಬೆದರಿಸಿ ವಸೂಲಿ ಮಾಡೂ ಅಪರಾಧದ ಕಡೆ, ಜಾರತೈತಿ.

ಇಂಥ ನೋಟಿಸಿನ ದಂಧೆ ಮಾಡಿದವರು ಏನಾದ್ರು ಅನ್ನೂದನ್ನೂ ಹೇಳಿಬಿಡ್ತೀನಿ. ಲಂಡನ್ನಿನಾಗ ಎಸಿಎಸ್ ಲಾ ಅಂತ ಒಂದು ವಕೀಲರ ಸಂಸ್ಥೆ ಇತ್ತು. ಫೈಲ್ ಹಂಚಿಕೊಂಡೀರಿ ಅಂತ ಸಾವಿರಾರು ಮನಿಗೆ ಪತ್ರ ಬರದು ಸುಮಾರು 500 ಪೌಂಡ್ ಕೇಳ್ತಿದ್ರು. ಈಗ ಹೇಳಿದ ಆ ಆಪರೇಶನ್ ಪೇಬ್ಯಾಕ್ ಅವರ ತಾಣಕ್ಕೂ ಬಡೀತು. ತಾಣ ಮತ್ತ ತೆರೆಯೂ ಗಡಿಬಿಡಿಯಾಗ ಅವರ ಇಮೇಲ್ ಎಲ್ಲಾ ಬಯಲಿಗೆ ಬಂತು. ಅದರಾಗ ಸಾವಿರಾರು ಇಂಟರ್ನೆಟ್ ಗ್ರಾಹಕರ ಹೆಸರು, ವಿಳಾಸ, ನೋಡಿದಾರ ಅಂತ ಹೇಳಿದ ಚಿತ್ರಗಳ ಹೆಸರು, ಎಲ್ಲಾ. ತಪ್ಪು ಮಾಡದವರ ಮಾನನೂ ಬೀದಿಗೆ ಬಿತ್ತು. 2011ರಾಗ ಅಲ್ಲಿನ ನ್ಯಾಯಾಧೀಶರು ಆ ಸಂಸ್ಥೆಯ ದಾವೆಗಳನ್ನ ಬಿಡಿಸಿ ನೋಡಿ ಕಟುವಾಗಿ ಟೀಕಿಸಿದ್ರು, 2012ರಾಗ ಅದನ್ನ ನಡೆಸ್ತಿದ್ದ ವಕೀಲನ್ನ ವೃತ್ತಿಯಿಂದ ಅಮಾನತು ಮಾಡಿದ್ರು. ಅಮೆರಿಕದ ಪ್ರೆಂಡಾ ಲಾ ಅನ್ನೂ ವಕೀಲರ ಸಂಸ್ಥೆ ಇನ್ನೂ ಮುಂದ ಹೋಗಿತ್ತು. ತಮ್ಮ ಚಿತ್ರ ತಾವ ಟೊರೆಂಟಿಗೆ ಬಿಟ್ಟು, ಇಳಿಸಿಕೊಂಡವರನ್ನ ಬೆದರಿಸಿ ರಾಜಿ ರೊಕ್ಕ ಎತ್ತಿದ್ರು. 2019ರಾಗ ಒಬ್ಬ ವಕೀಲನಿಗೆ 14 ವರ್ಷ, ಮತ್ತೊಬ್ಬನಿಗೆ 5 ವರ್ಷ ಜೈಲು ಆತು.

ಗುರುಗಳು: ಅವರು ಮೋಸಗಾರರು. ನಾ ಖರೇನ ಬರದಾಂವ.

ವಕೀಲೆ: ನೀವು ಖರೇರಿ. ಆದ್ರ ನೋಟಿಸು ಮುಟ್ಟೂ ಹುಡುಗ ಖರೇನ ತಪ್ಪಿತಸ್ಥ ಅಂತ ಹ್ಯಾಂಗ ಗೊತ್ತು? ಚಾನೆಲ್ಲಿನಾಗ ಇದ್ದವರೆಲ್ಲಾ ನಿಮ್ಮ ಪುಸ್ತಕ ಇಳಿಸಿಲ್ಲ. ಇಳಿಸಿದವರೆಲ್ಲಾ ಹಂಚಿಲ್ಲ. ಸ್ವಂತ ಅಧ್ಯಯನಕ್ಕ ಮಾಡಿದ ನ್ಯಾಯಯುತ ಬಳಕಿ ಅಂತ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಆಸರೆ ಕೇಳಾಕ ಅವರಿಗೆ ಅವಕಾಶ ಐತಿ. ಮಾರಾಕ ಹಂಚಿದಾಂವ ಬ್ಯಾರೆ, ರಾತ್ರಿ ಕುಂತು ಸಂಧಿ ಸಮಾಸ ಓದಿದಾಂವ ಬ್ಯಾರೆ.

ಗುರುಗಳು: ಹಂಚಿದಾಂವನ್ನರ ಹಿಡೀಬೇಕಲ್ಲ. ಐಪಿ ನಂಬರ ಅಂತಾರ, ಅದರಿಂದ ಮನಿ ಬಾಗಿಲಿಗೆ ಹೋಗಬಹುದು ಅಂತಾರ.

ವಕೀಲೆ: ಇಲ್ಲಿ ನಾ ಸ್ವಲ್ಪ ನಿಂತು ಹೇಳ್ತೀನ್ರಿ, ಯಾಕಂದ್ರ ಹೆಚ್ಚು ಅನ್ಯಾಯ ಆಗೂದು ಇಲ್ಲಿ. 2007ರ ಆಗಸ್ಟ್ ಕಡೆಗೆ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನ ಪುಣೆ ಪೊಲೀಸರು ಬಂದು ಹಿಡಕೊಂಡು ಹೋದ್ರು. ಆರ್ಕುಟ್ ಅನ್ನೂ ಸಾಮಾಜಿಕ ಜಾಲತಾಣದಾಗ ಶಿವಾಜಿ ಮಹಾರಾಜರನ್ನ ಅವಮಾನಿಸಿದ ಅಂತ ಆರೋಪ. ಪೊಲೀಸರ ಕೈಯಾಗ ಇದ್ದದ್ದು ಒಂದು ಐಪಿ ವಿಳಾಸ, ಇಂಟರ್ನೆಟ್ ಕಂಪನಿ ಕೊಟ್ಟ ಒಂದು ಹೆಸರು. ಆ ಹೆಸರ ತಪ್ಪಾಗಿತ್ತು. ಆ ಹುಡುಗ 50 ದಿನ ಯರವಡಾ ಜೈಲಿನಾಗ ಕುಂತ. ಆಮ್ಯಾಲೆ ಕಂಪನಿ ಪರಿಹಾರ ಕೊಡಬೇಕು ಅಂತ ಮಹಾರಾಷ್ಟ್ರದ ಮಾನವ ಹಕ್ಕು ಆಯೋಗ ಹೇಳಿತು. ಕೃತಿಸ್ವಾಮ್ಯದ ಪ್ರಕರಣ ಅಲ್ಲ ಅದು, ಆದ್ರ ಸಾಧನ ಅದ. ಹೆಸರಿಲ್ಲದವನನ್ನ ಹುಡುಕಾಕ ನಿಮ್ಮ ಏಜೆಂಟ್ ಹಿಡಿಯೂದೂ ಅದನ್ನ.

ಈಗಂತೂ ಪರಿಸ್ಥಿತಿ ಇನ್ನೂ ಗೋಜಲು. ಮೊಬೈಲ್ ಕಂಪನಿ ಒಂದ ಐಪಿ ವಿಳಾಸದ ಹಿಂದ ಭಾಳ ಗ್ರಾಹಕರನ್ನ ಒಮ್ಮೆಲೆ ಕುಂದರಿಸ್ತೈತಿ. ಒಂದ ಅಗಸಿ ಬಾಗಿಲಿನ ದೊಡ್ಡ ವಾಡೇದಾಗ ಹತ್ತಾರು ಸಂಸಾರ ಇದ್ದಂಗ. ಬಾಗಿಲಿನಿಂದ ಯಾರೋ ಹೊರಗ ಬಂದ್ರು ಅಂದ್ರ ಯಾವ ಖೋಲಿಯವರು ಅಂತ ಹೇಳಾಕ ಬರೂದಿಲ್ಲ. ಸೆಕೆಂಡಿನ ತನಕ ನಿಖರ ಸಮಯ ಬೇಕು, ಪೋರ್ಟ್ ಸಂಖ್ಯೆ ಬೇಕು, ಎರಡೂ ಕಡೆ ಗಡಿಯಾರ ಹೊಂದಬೇಕು. ಅದೆಲ್ಲಾ ಹೊಂದಿದ್ರೂ ಸಿಗೂದು ಸಿಮ್ ಯಾರ ಹೆಸರಿಲೆ ಐತಿ ಅನ್ನೂದು ಅಷ್ಟ. ಫೋನ್ ಕೈಯಾಗ ಹಿಡಿದಾಂವ ಯಾರು ಅನ್ನೂದಲ್ಲ. ಒಂದ ಮನಿಯಾಗ ಅಪ್ಪನ ಹೆಸರಿನ ಸಿಮ್ಮು, ಮಗನ ಕೈಯಾಗ ಫೋನು, ಹಾಟ್‌ಸ್ಪಾಟ್ ಹಾಕಿಕೊಂಡು ಬಾಜೂ ಮನಿ ಹುಡುಗ. ಟೊರೆಂಟಿನಾಗ ಇಳಿಸಿಕೊಳ್ಳಾವ ಆ ಕ್ಷಣಕ್ಕ ಹಂಚೂವನೂ ಆಗ್ತಾನ, ಹಂಗಾಗಿ ಐಪಿ ವಿಳಾಸಗಳ ಪಟ್ಟಿ ಯಾರಿಗೆ ಬೇಕಾದ್ರೂ ಸಿಗತೈತಿ. ಆ ಪಟ್ಟಿಯನ್ನ ನಂಬಬಹುದೇನು ಅಂತ 2008ರಾಗ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿದ್ರು. ಒಂದು ಫೈಲೂ ಇಳಿಸದ ತಮ್ಮ ಪ್ರಿಂಟರುಗಳ ವಿಳಾಸ ಪಟ್ಟಿಯಾಗ ಸೇರೂ ಹಂಗ ಮಾಡಿದ್ರು. ಪ್ರಿಂಟರಿಗೆ ಕೃತಿಸ್ವಾಮ್ಯದ ನೋಟಿಸು ಬಂತು.

ಗುರುಗಳು: ಪ್ರಿಂಟರಿಗೆ?

ವಕೀಲೆ: ಹೌದ್ರಿ. ಇನ್ನು ಟಾರ್, ಐಟೂಪಿ ಅಂಥ ಹೆಸರು ಮರೆಸೂ ಜಾಲಗಳಾಗ ಮಾತು ಮೂರು ನಾಲ್ಕು ಕೈ ದಾಟಿ ಬರತೈತಿ, ಕೊನಿಗೆ ಕಾಣೂ ವಿಳಾಸ ದಾರಿ ಕೊಟ್ಟವನದು. ಅಂಥಲ್ಲಿ ಕೇಸು ಹಾಕಿದ್ರ ಸಿಗೂದು ಕಳ್ಳ ಅಲ್ಲ, ದಾರಿಯಾಗ ನಿಂತಾವ.

ಗುರುಗಳು: ಹಂಗಾದ್ರ ಇಂಥ ಜಾಲ ಕಟ್ಟಿದವರನ್ನ ಹಿಡೀಬೇಕು.

ವಕೀಲೆ: ಜಪಾನಿನಾಗ ಹಿಡಿದಿದ್ರು. ವಿನ್ನಿ ಅನ್ನೂ ಹೆಸರು ಮರೆಸೂ ಫೈಲ್ ಹಂಚಿಕೆ ತಂತ್ರಾಂಶ ಬರದ ಇಸಾಮು ಕಾನೆಕೊ ಅವರನ್ನ 2004ರಾಗ ಬಂಧಿಸಿದ್ರು. 2006ರಾಗ ದಂಡ ಬಿತ್ತು, 2009ರಾಗ ಮೇಲಿನ ಕೋರ್ಟು ಖುಲಾಸೆ ಮಾಡಿತು, 2011ರಾಗ ಅಲ್ಲಿನ ಸುಪ್ರೀಂ ಕೋರ್ಟು ಅದನ್ನ ಎತ್ತಿ ಹಿಡೀತು. ಅದಾಗಿ ಎರಡು ವರ್ಷ ತುಂಬೂದರೊಳಗ, 42ನೇ ವಯಸ್ಸಿಗೆ ಅವರು ತೀರಿಕೊಂಡ್ರು. ಒಬ್ಬ ದೊಡ್ಡ ತಂತ್ರಜ್ಞನ ಏಳು ವರ್ಷ ಕೋರ್ಟಿನಾಗ ಹೋದವು.

ಗುರುಗಳು: ಅಣ್ಣಿಗೇರಿ ಠಾಣೆಗೆ ಹೋಗಿ ಫಿರ್ಯಾದಿ ಕೊಟ್ರ? ಪೊಲೀಸರ ಹುಡುಕಲಿ.

ವಕೀಲೆ: ಕೊಡಾಕ ಬರತೈತಿ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಅಪರಾಧಕ್ಕ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಶಿಕ್ಷೆ, 50 ಸಾವಿರದಿಂದ 2 ಲಕ್ಷ ದಂಡ. ಇದು ವಾರಂಟ್ ಇಲ್ಲದ ಹಿಡಿಯಬಹುದಾದ, ಜಾಮೀನು ಹಕ್ಕಲ್ಲದ ಅಪರಾಧ ಅಂತ 2022ರ ಮೇ ತಿಂಗಳಾಗ ನಿಟ್ ಪ್ರೊ ಪ್ರಕರಣದಾಗ ಸುಪ್ರೀಂ ಕೋರ್ಟು ಹೇಳೇತಿ. ಅದರ ಮ್ಯಾಲೆ ನಮ್ಮ ರಾಜ್ಯದ ಗೂಂಡಾ ಕಾಯ್ದೆ. 1985ರ ಆ ಕಾಯ್ದೆಗೆ 2014ರಾಗ ತಿದ್ದುಪಡಿ ಆಗಿ, ವ್ಯಾಪಾರಕ್ಕಾಗಿ ಕೃತಿಸ್ವಾಮ್ಯ ಮುರಿಯೂವನೂ "ಡಿಜಿಟಲ್ ಅಪರಾಧಿ" ಅಂತ ಒಳಗ ಬಂದ. ವಿಚಾರಣೆ ಇಲ್ಲದ ಒಂದು ವರ್ಷ ತನಕ ಇಡಬಹುದು. ಇಷ್ಟು ಗಟ್ಟಿ ಬಡಿಗಿಯನ್ನ ಕಣ್ಣಿಗೆ ಕಾಣದವನ ಕಡೆ ಬೀಸಿದ್ರ ಯಾರಿಗೆ ಬಡೀತೈತಿ ಅನ್ನೂದ ನನ್ನ ಅಂಜಿಕಿ. ನಿಮ್ಮ ಪುಸ್ತಕ ಓದಾವರು ಯಾರ್ರಿ ಸರ? ಪಿಎಸ್‌ಐ, ಪಿಡಿಒ, ಎಫ್‌ಡಿಎ ಆಗಬೇಕು ಅಂತ ನವಲಗುಂದ, ಕುಂದಗೋಳ, ಕಲಘಟಗಿ ಹಳ್ಳಿಯಿಂದ ಬಂದು ಧಾರವಾಡದಾಗ ರೂಮ್ ಮಾಡಿಕೊಂಡು ಇದ್ದವರು. ಒಬ್ಬನ ಮ್ಯಾಲೆ ತಪ್ಪು ಎಫ್‌ಐಆರ್ ಬಿದ್ರೂ ನೌಕರಿ ಸಿಕ್ಕ ಮ್ಯಾಲೆ ಪೊಲೀಸ್ ವೆರಿಫಿಕೇಶನ್ನಿಗೆ ಅದು ಎದ್ದು ನಿಲ್ಲತೈತಿ. ಖುಲಾಸೆ ಆಗಾಕ ಎಷ್ಟು ವರ್ಷ ಬೇಕೋ, ಅಷ್ಟರಾಗ ವಯೋಮಿತಿ ದಾಟಿರತೈತಿ.

ಗುರುಗಳು: ಅದು ನನ್ನ ಮನಸ್ಸಿಗೂ ಬ್ಯಾಡಾಗೇತಿ. ನನ್ನ ವಿದ್ಯಾರ್ಥಿಗಳ ಅವರು. ಆದ್ರ ತಂಗಿ, ಕೈಕಟ್ಟಿ ಕುಂದರೂದು ಅಂದ್ರ? ಸಿನಿಮಾದವರು ಕೋರ್ಟಿಗೆ ಹೋಗಿ ವೆಬ್‌ಸೈಟಿಗೆ ವೆಬ್‌ಸೈಟ ಬಂದ್ ಮಾಡಸ್ತಾರಲ್ಲ.

ವಕೀಲೆ: ಮಾಡಸ್ತಾರ. ಹೆಸರು ಗೊತ್ತಿಲ್ಲದ ಪ್ರತಿವಾದಿಗೆ ಅಮೆರಿಕದಾಗ ಜಾನ್ ಡೋ, ನಮ್ಮ ಕೋರ್ಟಿನಾಗ ಅಶೋಕ್ ಕುಮಾರ್. ಆ ಹೆಸರಿನ ಮ್ಯಾಲೆ ತಡೆಯಾಜ್ಞೆ ಕೊಡ್ತಾರ. ಒಳ್ಳೆ ಉಪಾಯ ಅದು, ಆದ್ರ ಅಳತಿ ತಪ್ಪಿದಾಗ ಏನಾತು ನೋಡ್ರಿ. 2012ರಾಗ ಒಂದು ತಮಿಳು ಸಿನಿಮಾಕ್ಕ ತಂದ ಆದೇಶದಿಂದ ದೇಶದ ತುಂಬ ವಿಮಿಯೋ ತಾಣನ ಮುಚ್ಚಿತು. ಕೊನಿಗೆ ಮದ್ರಾಸ್ ಹೈಕೋರ್ಟು, ಇಡೀ ತಾಣ ಅಲ್ಲ, ನಿರ್ದಿಷ್ಟ ಕೊಂಡಿ ಅಷ್ಟ ಮುಚ್ಚಬೇಕು ಅಂತ ಸ್ಪಷ್ಟ ಮಾಡಿತು. 2017ರ ಆಗಸ್ಟಿನಾಗ ಎರಡು ಹಿಂದಿ ಸಿನಿಮಾಗಳ ಸಲುವಾಗಿ ಮುಚ್ಚಿದ ಎರಡು ಸಾವಿರಕ್ಕೂ ಮಿಕ್ಕಿದ ತಾಣಗಳ ಪಟ್ಟಿಯಾಗ ಇಂಟರ್ನೆಟ್ ಆರ್ಕೈವ್ ಇತ್ತು. ಹಳೇ ಕನ್ನಡ ಪುಸ್ತಕ ಹುಡುಕಾಕ ನೀವ ನನಗ ತೋರಿಸಿಕೊಟ್ಟ ತಾಣ ಅದು. ಸಾವಿರಾರು ಕನ್ನಡ ಗ್ರಂಥ ಅಲ್ಲಿ ಪುಕ್ಕಟೆ ಓದಾಕ ಸಿಗತಾವ, ನ್ಯಾಯವಾಗಿ.

ಬೆಂಗಳೂರಿನಾಗೂ ಆತು. 2022ರ ನವೆಂಬರ್ 7ಕ್ಕ ಅಲ್ಲಿನ ವಾಣಿಜ್ಯ ನ್ಯಾಯಾಲಯ, ಕೆಜಿಎಫ್-2ರ ಹಾಡು ಬಳಸಿದ್ದಕ್ಕ ಎಂಆರ್‌ಟಿ ಮ್ಯೂಸಿಕ್ ಹೂಡಿದ ದಾವೆಯಾಗ, ಕಾಂಗ್ರೆಸ್ಸಿನ ಮತ್ತು ಭಾರತ್ ಜೋಡೋ ಯಾತ್ರೆಯ ಟ್ವಿಟರ್ ಖಾತೆಗಳನ್ನ ಮುಚ್ಚಾಕ ಹೇಳಿತು. ಮರುದಿನಾನ ಹೈಕೋರ್ಟು, ಆ ಹಾಡಿನ ತುಣುಕು ತಗೀಬೇಕು ಅನ್ನೂ ಶರತ್ತಿನ ಮ್ಯಾಲೆ, ಆ ಆದೇಶ ರದ್ದು ಮಾಡಿತು. ಪಕ್ಷ ಯಾವುದು ಅನ್ನೂದು ಮುಖ್ಯ ಅಲ್ರಿ. ಒಂದು ತುಣುಕಿಗೆ ಇಡೀ ಖಾತೆ ಮುಚ್ಚೂದು ಮೇಲಿನ ಕೋರ್ಟಿನಾಗ ನಿಲ್ಲೂದಿಲ್ಲ. 2016ರಾಗ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರೂ ಢಿಶೂಮ್ ಸಿನಿಮಾದ ಪ್ರಕರಣದಾಗ, ಒಂದೊಂದು ಕೊಂಡಿನೂ ಪರಿಶೀಲಿಸಿ ಪ್ರಮಾಣ ಮಾಡಿ ಬರ್ರಿ ಅಂತ ನಿರ್ಮಾಪಕರಿಗೆ ಹೇಳಿ ಕಳಿಸಿದ್ರು. ನನ್ನ ಮಟ್ಟಿಗೆ ಆ ಆದೇಶ ಎಲ್ಲಾ ವಕೀಲರೂ ಓದಬೇಕಾದದ್ದು.

ಗುರುಗಳು: ಸಣ್ಣ ಲೇಖಕ ಗೆದ್ದ ಉದಾಹರಣಿ ಒಂದರ ಹೇಳು.

ವಕೀಲೆ: ಐತ್ರಿ, ನಿಮ್ಮದ ಥರದ್ದು. ಪರೀಕ್ಷಾ ತರಬೇತಿ ಪುಸ್ತಕ ಬರೆಯೂ ಒಬ್ಬ ಶಿಕ್ಷಕಿ ತಮ್ಮ ಪುಸ್ತಕ, ಪಾಠದ ವಿಡಿಯೊ ಟೆಲಿಗ್ರಾಮಿನಾಗ ಹಂಚಾಕತ್ತಾರ ಅಂತ ದಿಲ್ಲಿ ಹೈಕೋರ್ಟಿಗೆ ಹೋದ್ರು. ನಮ್ಮ ಸರ್ವರ್ ಸಿಂಗಪುರದಾಗ ಐತಿ, ಬಳಕೆದಾರರ ಗುಟ್ಟು ಹೇಳೂದಿಲ್ಲ ಅಂತ ಟೆಲಿಗ್ರಾಮ್ ವಾದ ಮಾಡಿತು. 2022ರ ಆಗಸ್ಟ್ 30ಕ್ಕ ಕೋರ್ಟು, ಚಾನೆಲ್ ನಡೆಸೂವರ ಫೋನ್ ನಂಬರ, ಇಮೇಲ್, ಐಪಿ ವಿಳಾಸ ಕೊಡ್ರಿ ಅಂತ ಆದೇಶ ಮಾಡಿತು. ಮುಚ್ಚಿದ ಲಕೋಟೆಯಾಗ ಅವು ಬಂದವು. ನೋಡ್ರಿ, ಹೆಸರಿಲ್ಲದವನ ಹೆಸರು ಸಿಕ್ತು, ಆದ್ರ ಏಜೆಂಟನ ಕೈಗೆ ಅಲ್ಲ, ನ್ಯಾಯಾಧೀಶರ ಕೈಗೆ. ಕೇಳಿದ್ದು ಚಾನೆಲ್ ನಡೆಸೂವನ ಹೆಸರು, ಒಳಗ ಕುಂತು ಓದೂವರದಲ್ಲ. ಈ ಎರಡು ಗೆರಿ ದಾಟದಿದ್ರ ನಾ ನಿಮ್ಮ ಕೇಸು ತಗೋತೀನಿ.

ಗುರುಗಳು: ದಿಲ್ಲಿಗೆ ಹೋಗೂ ಶಕ್ತಿ ನನಗಿಲ್ಲ.

ವಕೀಲೆ: ಬ್ಯಾಡ್ರಿ. 62ನೇ ಕಲಂ ಪ್ರಕಾರ ಹಕ್ಕುದಾರ ವಾಸ ಇರೂ ಜಿಲ್ಲೆಯಾಗ ದಾವೆ ಹಾಕಬಹುದು. ಧಾರವಾಡ ಸಾಕು. ಅದಕ್ಕೂ ಮೊದಲು ಒಂದು ಕೇಳ್ತೀನಿ, ಬ್ಯಾಸರ ಮಾಡಬ್ಯಾಡ್ರಿ. ಪುಸ್ತಕದ ಹಕ್ಕು ನಿಮ್ಮ ಹೆಸರಿಲೆ ಐತೇನು?

ಗುರುಗಳು: ಬರದಾಂವ ನಾನಲ್ಲ?

ವಕೀಲೆ: ಮೊದಲನೇ ಆವೃತ್ತಿ ಪ್ರಕಾಶಕರು ತಂದಿದ್ರು. ಅವರಿಗೆ ಏನ್ ಬರದು ಕೊಟ್ಟಿದ್ರಿ?

ಗುರುಗಳು: ಒಂದು ಹಾಳಿ ಮ್ಯಾಲೆ "ಹಕ್ಕು ಪ್ರಕಾಶಕರದು" ಅಂತ ಬರದು ಸಹಿ ಮಾಡಿದ್ದೆ. ವರ್ಷ ಬರದಿರಲಿಲ್ಲ. ಅದಾಗಿ ಎಂಟು ವರ್ಷ ದಾಟಿರಬೇಕು.

ವಕೀಲೆ: ಪುಣ್ಯಾ. ಅವಧಿ ಬರೀದಿದ್ರ 5 ವರ್ಷ ಅಂತ ತಿಳೀಬೇಕು ಅಂತ 19ನೇ ಕಲಂ ಹೇಳತೈತಿ. ಹಕ್ಕು ನಿಮಗ ತಿರುಗಿ ಬಂದೈತಿ. ಇನ್ನೂ ಉದ್ದ ಅವಧಿ ಬರದು ಕೊಟ್ಟಿದ್ರ, ನೀವು ನಿಮ್ಮದಲ್ಲದ ಹಕ್ಕಿನ ಮ್ಯಾಲೆ ನೋಟಿಸು ಕೊಟ್ಟಂಗ ಆಗ್ತಿತ್ತು, ಮತ್ತ 60ನೇ ಕಲಮಿಗೆ ಸಿಗ್ತಿದ್ರಿ. ಆ ಹಾಳಿ ಹುಡುಕಿ ತರ್ರಿ. ಹಳೇ ಪ್ರಶ್ನಪತ್ರಿಕೆ, ಬ್ಯಾರೆಯವರ ಪುಸ್ತಕದಿಂದ ತಗೊಂಡ ಭಾಗ ಇದ್ರ ಅದನ್ನೂ ಗುರುತು ಹಾಕ್ರಿ. ನಿಮ್ಮ ಸ್ವಂತ ಬರವಣಿಗಿ ಎಷ್ಟೋ ಅಷ್ಟಕ್ಕ ಮಾತ್ರ ಹಕ್ಕು ಕೇಳೂಣು.

ಗುರುಗಳು: ಆತು. ಏಜೆಂಟ್‌ಗೆ ಬ್ಯಾಡ ಅಂತೀನಿ. ಹುಡುಗೂರ ಒಬ್ಬರಿಗೂ ಪತ್ರ ಹೋಗೂದು ಬ್ಯಾಡ. ಹಂಚಿದಾವ ಮಾತ್ರ ಕೋರ್ಟಿಗೆ ಬಂದು ಉತ್ತರ ಕೊಡಬೇಕು, ಅದನ್ನ ಬಿಡೂದಿಲ್ಲ.

ವಕೀಲೆ: ಬಿಡಬ್ಯಾಡ್ರಿ. ಕನ್ನಡದಾಗ ಬರದು ಬದುಕೂದು ಮೊದಲ ಕಷ್ಟ, ಅದನ್ನೂ ಕಸಗೊಂಡ್ರ ನಾಳೆ ಈ ಹುಡುಗೂರಿಗೆ ಕೈಪಿಡಿ ಬರೆಯಾವರ ಇರೂದಿಲ್ಲ. ನಾಳೆ ಕುಂತು ಕೊಂಡಿಗಳ ಪಟ್ಟಿ ಮಾಡೂಣು, ಒಂದೊಂದನ್ನೂ ತೆರೆದು ನೋಡಿ, ತಾರೀಖು ವೇಳೆ ಬರದು. ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದ ಪ್ರಕಾರ ಪಿಡಿಎಫ್ ಇಟ್ಟ ಕಂಪನಿಗೆ ದೂರು ಕೊಡೂಣು. ಕೃತಿ ಯಾವುದು, ಹಕ್ಕು ಹ್ಯಾಂಗ ನಿಮ್ಮದು, ಎಲ್ಲಿ ಐತಿ, 52ನೇ ಕಲಮಿನ ವಿನಾಯಿತಿಯಾಗ ಯಾಕ ಬರೂದಿಲ್ಲ, ಎಲ್ಲಾ ಬರದು. ದಾವೆ ಹೂಡ್ತೀನಿ ಅನ್ನೂ ಮುಚ್ಚಳಿಕೆನೂ ನೀವು ಬರದು ಕೊಡಬೇಕು. ದೂರು ಮುಟ್ಟಿದ 36 ತಾಸಿನೊಳಗ ಕಂಪನಿ ಅದನ್ನ ಮುಚ್ಚಬೇಕು. ದೂರು ಮುಟ್ಟಿದ ದಿನದಿಂದ 21 ದಿನದೊಳಗ ಕೋರ್ಟಿನ ಆದೇಶ ನಾವು ತಂದು ತೋರಿಸಬೇಕು. ತರದಿದ್ರ ಮುಚ್ಚಿದ್ದನ್ನ ಮತ್ತ ತೆರೆಯೂ ಹಕ್ಕು ಕಂಪನಿಗೆ ಐತಿ.